ಎರಡು ತುರಿಕೆ, ಒಂದು ಕುರ್ಚಿ

ಲಾಂಡ್ರಿ ಅಂಗಡಿಯ ಮುಂದಿನ ಕಿಟಕಿಗೆ ತಾಗಿಕೊಂಡು ಒಂದು ಗಿಡ್ಡ ಕುರ್ಚಿ ಇತ್ತು. ಕೂತವಳ ಮಂಡಿ ಮೇಲೆದ್ದು ತೊಡೆಯೇ ಮೇಜಾಗಲಿ ಅಂತ ಅದರ ನಾಲ್ಕು ಕಾಲನ್ನೂ ಗರಗಸದಲ್ಲಿ ಕೊಯ್ದು ಕುಳ್ಳಗೆ ಮಾಡಿಸಿದ್ದರು. ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಕೂತವಳನ್ನು ಬೀದಿಯವರೆಲ್ಲ ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗೆ ಬೇರೆ ಹೆಸರೇನು ಅಂತ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೇಳುವ ಪುರುಸೊತ್ತು ಅವಳಿಗೂ ಇರಲಿಲ್ಲ.

ಅವಳ ಕೆಲಸ ರಫು ಮಾಡುವುದು. ಕೋಟಿಗೆ ಸಿಗರೇಟಿನ ಕಿಡಿ ಬಿದ್ದಿರಲಿ, ಸ್ವೆಟರನ್ನು ನುಸಿ ತಿಂದಿರಲಿ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಆ ಎಳೆಯಲ್ಲೇ ತೂತನ್ನು ನೇಯ್ದುಬಿಡುತ್ತಿದ್ದಳು. ಹೊರಗಿನ ದಾರ ಮುಟ್ಟಿಸುತ್ತಿರಲಿಲ್ಲ. ಗಿರಾಕಿ ಬಂದಾಗ ಮಾಲೀಕ ಕೋಟನ್ನು ಗಲ್ಲೆಯ ಮೇಲೆ ಹಾಸಿ, "ತೂತು ಎಲ್ಲಿತ್ತು, ತೋರಿಸಿ ನೋಡೋಣ" ಅನ್ನುತ್ತಿದ್ದ. ಗಿರಾಕಿ ಬೆರಳಾಡಿಸಿ ಆಡಿಸಿ ಸೋತು ನಗುತ್ತಿದ್ದ. ಸೂಜಿಯಕ್ಕ ಆಗಲೂ ತಲೆ ಎತ್ತುತ್ತಿರಲಿಲ್ಲ. ಸೂಜಿ ಮಾತ್ರ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು.

ಕಿಟಕಿ ಪಕ್ಕವೇ ಬೇಕು ಅಂತ ಅವಳು ಹಟ ಹಿಡಿದದ್ದು ಜಂಬಕ್ಕಲ್ಲ. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ದೀಪದ ಬೆಳಕಿಗೆ ಕಾಣುವುದಿಲ್ಲ. ಹಗಲ ಬೆಳಕು ಓರೆಯಾಗಿ ಬೀಳಬೇಕು. ಅಂಗಡಿಗೆ ಬರುವ ಬಟ್ಟೆಯಲ್ಲಿ ಮುಕ್ಕಾಲುಪಾಲು ಕಪ್ಪು ಕೋಟುಗಳೇ. ಆ ಜಾಗ ತಪ್ಪಿದರೆ ತನ್ನ ಕಸುಬೇ ತಪ್ಪಿದ ಹಾಗೆ ಅನ್ನುವುದು ಅವಳಿಗೆ ಗೊತ್ತಿತ್ತು. ಹಾಗಾಗಿ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮೈಗೆ ರೋಗ ಬಂದಾಗ, ಉಳೀತೀನೋ ಇಲ್ಲವೋ ಅಂತ ಅವಳು ಯೋಚನೆ ಮಾಡಲಿಲ್ಲ. ಕುರ್ಚಿ ಉಳಿಯುತ್ತೋ ಇಲ್ಲವೋ ಅಂತ ಯೋಚನೆ ಮಾಡಿದಳು.

ಮೊದಲು ಬರೀ ನವೆ. ಗುರುತಿಲ್ಲ, ಗಾಯವಿಲ್ಲ. ಆಮೇಲೆ ತೊಡೆಯ ಮೇಲೆ, ಹೊಟ್ಟೆಯ ಮೇಲೆ, ತೋಳಿನ ಒಳಮಗ್ಗುಲಿಗೆ ನೀರುಗುಳ್ಳೆ ಎದ್ದವು. ಮೊದಮೊದಲು ಅಂಗಿಯ ಗುಂಡಿಯಷ್ಟು, ವಾರ ಕಳೆಯುವುದರೊಳಗೆ ಕೋಟಿನ ಗುಂಡಿಯಷ್ಟು. ಬಿಗಿಯಾಗಿ ತುಂಬಿಕೊಂಡ ಗುಳ್ಳೆಗಳು, ಒತ್ತಿದರೂ ಬೇಗ ಒಡೆಯುತ್ತಿರಲಿಲ್ಲ. ಒಡೆದರೆ ಅಂಗಿ ಮೈಗೆ ಅಂಟುತ್ತಿತ್ತು.

ಅಂಗಡಿಯ ಇಸ್ತ್ರಿಯವನು ಮೂವತ್ತರ ಆಳು, ಬಾಯಿ ಸುಮ್ಮನಿರುವವನಲ್ಲ. "ಏನಕ್ಕಾ, ನಾನಿಲ್ಲದಾಗ ನನ್ನ ಇಸ್ತ್ರಿಪೆಟ್ಟಿಗೇನ ಮೈಗೆ ಒತ್ಕೊಂಡ್ಯಾ?" ಅಂದ.

"ಹೌದಪ್ಪ, ಸುಕ್ಕು ಹೋಗಲಿ ಅಂತ," ಅಂದಳು ಸೂಜಿಯಕ್ಕ.

ಮಾಲೀಕ ನಗಲಿಲ್ಲ. ಗಿರಾಕಿಯೊಬ್ಬಳು ಸೂಜಿಯಕ್ಕನ ತೋಳು ನೋಡಿ, ತನ್ನ ಬಟ್ಟೆಯನ್ನು ಗಲ್ಲೆಯಿಂದ ವಾಪಸು ಎತ್ತಿಕೊಂಡು ಹೋಗಿದ್ದಳು. "ಸರಿಹೋಗೋವರೆಗೂ ಮನೇಲಿರಕ್ಕ. ಕುರ್ಚಿ ಎಲ್ಲಿಗೂ ಹೋಗಲ್ಲ," ಅಂದ. ಹಾಗೆ ಅನ್ನುವಾಗ ಅವನು ಕುರ್ಚಿಯನ್ನೇ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿಸಿಕೊಂಡರು. ಸಾಲು ಹಾಸಿಗೆಗಳ ದೊಡ್ಡ ಕೋಣೆ. ಒಬ್ಬರು ಎದ್ದ ಹಾಸಿಗೆಗೆ ಇನ್ನೊಬ್ಬರು ಬರುತ್ತಲೇ ಇದ್ದರು. ಗುಳ್ಳೆಯ ಅಂಚಿನಿಂದ ಕಡಲೆಕಾಳಿನಷ್ಟು ಚರ್ಮ ಕೊಯ್ದು ಪರೀಕ್ಷೆಗೆ ಕಳಿಸಿದರು. ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣ ಕೆಳಗೆ ಕಪ್ಪು, ದನಿಯಲ್ಲಿ ಸುಸ್ತು, ಆದರೂ ಕೂತು ಬಿಡಿಸಿ ಹೇಳಿದರು.

"ನೋಡಿ ಅಮ್ಮ, ಮೈಯೊಳಗೆ ಒಂದು ಕಾವಲು ಇರುತ್ತೆ, ಹೊರಗಿನಿಂದ ಬಂದ ರೋಗಾನ ಹೊಡೆಯೋಕೆ. ವಯಸ್ಸಾದ ಮೇಲೆ ಕೆಲವರಲ್ಲಿ ಆ ಕಾವಲಿಗೆ ಮನೆಯವರು ಯಾರು, ಕಳ್ಳರು ಯಾರು ಅಂತ ತಿಳಿಯದ ಹಾಗಾಗುತ್ತೆ. ಆಗ ತನ್ನ ಚರ್ಮಾನೇ ಹೊಡೆಯುತ್ತೆ. ಮೇಲಿನ ಪದರ ಕೆಳಗಿನ ಪದರಾನ ಹಿಡ್ಕೊಂಡಿರುತ್ತಲ್ಲ, ಅದು ಬಿಟ್ಕೊಳ್ಳುತ್ತೆ. ನಡುವೆ ನೀರು ತುಂಬುತ್ತೆ."

"ಹೊಲಿಗೆ ಬಿಟ್ಟಿದೆ ಅನ್ನಿ."

"ಹಾಗೇ ಅನ್ಕೊಳ್ಳಿ. ಮಾತ್ರೆ ತುಂಬ ದಿನ ತಗೋಬೇಕು. ನಿಮ್ಮಷ್ಟಕ್ಕೆ ನೀವು ನಿಲ್ಲಿಸಬಾರದು."

"ಅಂಟುತ್ತಾ?"

"ಇಲ್ಲ. ಇದು ಯಾರಿಂದಲೂ ಬಂದಿದ್ದಲ್ಲ, ಯಾರಿಗೂ ಹೋಗಲ್ಲ."

"ಅದನ್ನ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ?"

ಡಾಕ್ಟರು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಸೂಜಿಯಕ್ಕ ಆ ಕಾಗದವನ್ನು ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಅಂಗಡಿಗೆ ತಲುಪಿಸಿದಳು. ಮಾಲೀಕ ಎರಡು ಸಲ ಓದಿ, ಗಲ್ಲೆಯ ಗಾಜು ಎತ್ತಿ, ಅದರ ಕೆಳಗೆ ರಜೆಯ ಪಟ್ಟಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಗುಳ್ಳೆ ಒಣಗಿದ ದಿನ ಬಾ ಅಂದ.

ಸೂಜಿಯಕ್ಕನ ಮನೆಯೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಜೊತೆಗಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಅಣ್ಣ ತಮ್ಮಂದಿರಿಬ್ಬರೂ ಹೋದಮೇಲೆ ಇವರಿಬ್ಬರು ಒಂದೇ ಒಲೆ ಹಚ್ಚಿಕೊಂಡು ಹನ್ನೆರಡು ವರ್ಷವಾಗಿತ್ತು. ವಾರಗಿತ್ತಿಗೆ ಐವತ್ತಾರು ದಾಟಿದ್ದರೂ ಸೂಜಿಯಕ್ಕ ಅವಳನ್ನು ಕರೆಯುತ್ತಿದ್ದದ್ದು "ಏ ಹುಡುಗಿ" ಅಂತಲೇ. ಅವಳು ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಡಬ್ಬ ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಳು.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮುಲಾಮು ಹಚ್ಚಬೇಕು. ಬೆನ್ನಿಗೆ ಸೂಜಿಯಕ್ಕನ ಕೈ ಎಟುಕದು. ಔಷಧಿ ಅಂಗಡಿಯವನು ಮುಲಾಮಿನ ಜೊತೆ ತೆಳ್ಳನೆ ಕೈಗವಸುಗಳ ಒಂದು ಡಬ್ಬವನ್ನೂ ಕೊಟ್ಟಿದ್ದ. ಅದನ್ನು ಹಾಕಿಕೊಂಡು ಹಚ್ಚಿದರೆ ಅಕ್ಕನನ್ನು ಕಂಡು ಹೇಸಿಕೊಂಡ ಹಾಗಾಗುತ್ತದೆ ಅಂತ ವಾರಗಿತ್ತಿ ಬರಿಗೈಯಲ್ಲೇ ಹಚ್ಚಿದಳು. ಒಂದು ದಿನ ಎದುರುಮನೆಯಾಕೆ ಬಾಗಿಲಲ್ಲಿ ನಿಂತು, ಮೂಗಿಗೆ ಬಟ್ಟೆ ಹಿಡಿದು, "ಕೈಗೆ ಏನಾದ್ರೂ ಹಾಕ್ಕೊಳ್ಳೇ, ನೀನೂ ಬಿದ್ಕೊಂಡೀಯ," ಅಂದಳು.

"ಡಾಕ್ಟರು ಮೊಹರು ಒತ್ತಿ ಕೊಟ್ಟಿದ್ದಾರೆ ಅಂಟಲ್ಲ ಅಂತ. ಲಾಂಡ್ರೀಲಿ ಗಾಜಿನ ಕೆಳಗಿದೆ, ಹೋಗಿ ಓದ್ಕೊಂಡು ಬಾ," ಅಂದಳು ವಾರಗಿತ್ತಿ. ಹಾಗಂದು ಅಂಗೈ ಅಗಲಿಸಿ ಅಕ್ಕನ ಬೆನ್ನನ್ನು ಇನ್ನೂ ಸ್ವಲ್ಪ ಹೊತ್ತು, ಬೇಕೆಂದೇ, ನೀವಿದಳು. ಕೈಗವಸುಗಳು ಬಚ್ಚಲು ತಿಕ್ಕುವುದಕ್ಕೆ ಉಪಯೋಗವಾದವು.

ಎರಡು ತಿಂಗಳಿಗೆ ಗುಳ್ಳೆ ಬಾಡಿದವು. ಹೊಸದು ಏಳುವುದು ಅಪರೂಪವಾಯಿತು. ಸೂಜಿಯಕ್ಕ ಉದ್ದ ತೋಳಿನ ಅಂಗಿ ತೊಟ್ಟು ಕುರ್ಚಿಗೆ ವಾಪಸು ಬಂದಳು. ಮಾತ್ರೆಗೆ ಮುಖ ಊದಿಕೊಂಡಿತ್ತು, ಕಾಲಲ್ಲಿ ಕಸುವಿರಲಿಲ್ಲ. ಅಷ್ಟು ಗಿಡ್ಡ ಕುರ್ಚಿಯಿಂದ ಏಳುವುದು ಆಗದು. ದಿನಾ ಸಂಜೆ ಇಸ್ತ್ರಿಯವನು ಬಂದು ಎರಡೂ ಕೈ ಹಿಡಿದು, "ಏಳು ರಾಣಿ, ಸಿಂಹಾಸನ ಎಲ್ಲಿಗೂ ಹೋಗಲ್ಲ," ಅಂತ ಎಬ್ಬಿಸುತ್ತಿದ್ದ.

ಗುಳ್ಳೆ ಹೋದರೂ ನವೆ ಹೋಗಲಿಲ್ಲ. ಹೋಗುವುದಿರಲಿ, ದಿನದಿಂದ ದಿನಕ್ಕೆ ಏರಿತು. ಹಾಸಿಗೆ ಬೆಚ್ಚಗಾದ ಕೂಡಲೇ ಶುರು. ಸೊಂಟ, ಕಂಕುಳು, ಮಣಿಕಟ್ಟು, ಬೆರಳ ಸಂದು. ತಿಂಗಳಿಗೊಮ್ಮೆ ತೋರಿಸಲು ಹೋದಾಗ ಡಾಕ್ಟರು ಗುಳ್ಳೆ ಇದ್ದ ಜಾಗಗಳನ್ನು ನೋಡಿ, "ಚೆನ್ನಾಗಿ ಒಣಗಿದೆ ಅಮ್ಮ. ಈ ರೋಗದಲ್ಲಿ ತುರಿಕೆ ಕೊನೇಲಿ ಹೋಗುತ್ತೆ," ಅಂದರು. ಹೊರಗೆ ಬಾಗಿಲವರೆಗೂ ಜನ ನಿಂತಿದ್ದರು. ಇನ್ನೊಂದು ತಿಂಗಳು ಹೋದಾಗ ಮಾತ್ರೆ ಒಂದು ಹೆಚ್ಚಾಯಿತು. ಸೂಜಿಯಕ್ಕ ತಲೆಯಾಡಿಸಿ ಬಂದಳು. ಇದೇ ರೋಗದ ಬಾಲ, ಹೀಗೇ ಎಳೆದುಕೊಂಡು ಹೋಗಬೇಕು ಅಂದುಕೊಂಡಳು.

ಕಣ್ಣಿಗೆ ಕಣ್ಣು ಹತ್ತದೆ ಬೆಳಗಾಗುತ್ತಿತ್ತು. ಕಿಟಕಿಯ ಬಿಸಿಲಿಗೆ ತೂಕಡಿಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಮಾಲೀಕ ಎಂದಿನಂತೆ ಕೋಟು ಹಾಸಿ, "ತೂತು ಎಲ್ಲಿತ್ತು, ತೋರಿಸಿ ನೋಡೋಣ," ಅಂದಾಗ ಗಿರಾಕಿ ಬೆರಳಿಟ್ಟು, "ಇಲ್ಲೇ ಅಲ್ವಾ?" ಅಂದ. ಅಲ್ಲೇ ಇತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಮಾಲೀಕ ಕೋಟನ್ನು ಮಡಿಸಿ ಕೊಟ್ಟ. ಮಾರನೆಯ ದಿನದಿಂದ ಕೋಟು ಹಾಸಿ ಕೇಳುವುದನ್ನು ಬಿಟ್ಟ.

ಹೀಗಿರುವಾಗ ಒಂದು ರಜೆಯ ದಿನ ಬೆಳಿಗ್ಗೆ ವಾರಗಿತ್ತಿ ಎಡಗೈ ಚಾಚಿಕೊಂಡು ಬಂದಳು.

"ಅಕ್ಕ, ರಟ್ಟಿನ ಸಿಬಿರು ಹೊಕ್ಕಿದೆ. ನಿನ್ನ ಸೂಜಿಯಲ್ಲಿ ತೆಗೆದುಕೊಡು."

ಸೂಜಿಯಕ್ಕ ಕಿಟಕಿಗೆ ಮುಖ ಮಾಡಿ ಕೂತು, ಭೂತಗನ್ನಡಿ ತೆಗೆದು ಆ ಕೈಯನ್ನು ತೊಡೆಯ ಮೇಲೆ ಹರವಿಕೊಂಡಳು. ಸಿಬಿರು ಹೆಬ್ಬೆರಳಲ್ಲಿತ್ತು. ಕಿತ್ತು ಎಸೆದಳು. ಆದರೆ ಕೈ ಬಿಡಲಿಲ್ಲ. ಬೆರಳ ಸಂದಿಯಲ್ಲಿ ಏನೋ ಕಂಡಿತು. ಬೂದುಬಣ್ಣದ, ಅಕ್ಕಿಕಾಳಿಗಿಂತ ಗಿಡ್ಡನೆಯ, ಸೊಟ್ಟ ಸೊಟ್ಟ ಹೋದ ಒಂದು ಗೆರೆ. ಕೊನೆಯಲ್ಲಿ ಗಂಟು ಹಾಕಿದ ಹಾಗೆ ಒಂದು ಚುಕ್ಕೆ. ಬೆರಳಲ್ಲಿ ಉಜ್ಜಿದಳು, ಹೋಗಲಿಲ್ಲ. ದಾರ ಮೇಲೆ ಕೂತಿರಲಿಲ್ಲ, ಒಳಗೆ ಓಡಿತ್ತು. ಪಕ್ಕದ ಸಂದಿಯಲ್ಲಿ ಇನ್ನೊಂದು. ಮಣಿಕಟ್ಟಿನಲ್ಲಿ ಮತ್ತೆರಡು. ಜೀವಮಾನವೆಲ್ಲ ಕಾಣದ ಎಳೆಯನ್ನೇ ಹುಡುಕಿದ ಕಣ್ಣು ಅದು. ಇವು ಯಾರೂ ಹಾಕದ ಹೊಲಿಗೆ ಅಂತ ಕಂಡುಕೊಂಡಿತು.

"ಎಷ್ಟು ದಿನದಿಂದ?" ಅಂದಳು.

"ಈಗ ತಾನೇ ಹೊಕ್ಕಿದ್ದು, ನೆನ್ನೆ."

"ಸಿಬಿರಲ್ಲ. ನವೆ."

ವಾರಗಿತ್ತಿ ಕೈ ಎಳೆದುಕೊಳ್ಳಲು ನೋಡಿದಳು. ಸೂಜಿಯಕ್ಕ ಬಿಡಲಿಲ್ಲ.

"ಒಂದು ತಿಂಗಳ ಮೇಲಾಯ್ತು," ಅಂದಳು ಕೊನೆಗೆ.

"ಬಾಯಲ್ಲಿ ಏನು ಕಡುಬು ಇತ್ತೇನೆ, ಹೇಳೋಕೆ?"

"ಹೇಗೆ ಹೇಳಲಿ? ಅಂಟಲ್ಲ ಅಂಟಲ್ಲ ಅಂತ ಬೀದೀಲಿ ಡಂಗುರ ಹೊಡೆದವಳು ನಾನು. ನಾನೇ ಕೆರ್ಕೊಂಡು ನಿಂತ್ರೆ ಎದುರುಮನೆಯವಳು ಸುಮ್ನಿರ್ತಾಳಾ? ನಿನ್ನ ಕುರ್ಚಿ ಉಳಿಯುತ್ತಾ?"

ಸೂಜಿಯಕ್ಕ ಭೂತಗನ್ನಡಿಯನ್ನು ತನ್ನ ಕೈಗೆ ತಿರುಗಿಸಿದಳು. ಗುಳ್ಳೆಯ ಕಲೆ, ಕೆರೆದ ಗೀರು, ಒಣಗಿದ ಹೊಪ್ಪಳೆಗಳ ನಡುವೆ ಹುಡುಕುವುದಕ್ಕೆ ಹೊತ್ತು ಹಿಡಿಯಿತು. ಸಿಕ್ಕಿತು. ಒಂದಲ್ಲ, ಲೆಕ್ಕವಿಲ್ಲದಷ್ಟು. ಅವಳು ಭೂತಗನ್ನಡಿ ಕೆಳಗಿಟ್ಟಳು. ಆಮೇಲೆ ಬರೀ ಸುಸ್ತಾಯಿತು. ಇಷ್ಟು ದಿನ ಹೊತ್ತದ್ದು ಸಾಲದೆ, ಇನ್ನೊಂದನ್ನು ಎತ್ತಿ ಹೆಗಲಿಗೆ ಹಾಕಿದ ಹಾಗೆ.

ಡಾಕ್ಟರು ಈ ಸಲ ಸೂಜಿಮೊನೆಯಲ್ಲಿ ಆ ಗೆರೆಯ ಕೊನೆಯನ್ನು ಕೆದಕಿ, ಗಾಜಿನ ಮೇಲೆ ಇಟ್ಟು, ಯಂತ್ರದಲ್ಲಿ ಕಣ್ಣಿಟ್ಟು ನೋಡಿದರು.

"ಕಜ್ಜಿಹುಳ," ಅಂದರು. "ನಿಮಗೆ ಎರಡು ರೋಗ ಇದೆ ಅಮ್ಮ. ಗುಳ್ಳೆಯ ರೋಗ ನಿಜ, ಅದು ಅಂಟಲ್ಲ ಅಂದಿದ್ದೂ ನಿಜ. ಕಜ್ಜಿ ಬೇರೆ. ಇದು ಅಂಟುತ್ತೆ. ಮೈಗೆ ಮೈ, ಕೈಗೆ ಕೈ ತಾಗಿ ಹೋಗುತ್ತೆ. ಎರಡಕ್ಕೂ ನವೆ ಇರೋದ್ರಿಂದ ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ನಾನು ಕೊಟ್ಟ ಮಾತ್ರೆ ಮೈಯ ಕಾವಲನ್ನ ತಗ್ಗಿಸುತ್ತಲ್ಲ, ಹುಳಕ್ಕೆ ಅದರಿಂದ ಅನುಕೂಲವೇ ಆಯ್ತು. ನಾನು ಗುಳ್ಳೆ ನೋಡಿದೆ, ಬೆರಳ ಸಂದಿ ನೋಡಲಿಲ್ಲ."

"ಎಲ್ಲಿಂದ ಬಂತು?"

"ಆಸ್ಪತ್ರೆ ಹಾಸಿಗೆಯಿಂದಲೋ, ಬೇರೆ ಇನ್ನೆಲ್ಲಿಂದಲೋ. ಅದನ್ನ ಹುಡುಕ್ತಾ ಕೂರಬೇಡಿ. ಕೊಳಕಾಗಿದ್ದವರಿಗೇ ಬರೋದು ಅಂತಲೂ ಅಂದುಕೋಬೇಡಿ. ನಿಮ್ಮನ್ನ ದಿನಾ ಮುಟ್ಟೋರು ಯಾರ್ಯಾರು ಅಂತ ಹೇಳಿ. ನವೆ ಇರಲಿ ಇಲ್ಲದಿರಲಿ, ಅಷ್ಟೂ ಜನ ಒಂದೇ ದಿನ ಔಷಧಿ ಹಚ್ಕೋಬೇಕು. ಕತ್ತಿನಿಂದ ಪಾದದವರೆಗೆ, ಉಗುರಿನ ಸಂದೂ ಬಿಡದ ಹಾಗೆ. ವಾರ ಬಿಟ್ಟು ಇನ್ನೊಂದು ಸಲ. ಎಳೆ ಕೂಸಿದ್ದರೆ ಬೇರೆಯಾಗಿ ತೋರಿಸಬೇಕು, ದೊಡ್ಡವರ ಹಾಗೆ ಹಚ್ಚಬಾರದು. ಒಬ್ಬರು ತಪ್ಪಿಸಿಕೊಂಡರೆ ಮತ್ತೆ ಎಲ್ಲರಿಗೂ ಬರುತ್ತೆ."

ದಾರಿಯುದ್ದಕ್ಕೂ ಸೂಜಿಯಕ್ಕ ಯೋಚಿಸಿದ್ದು ಒಂದೇ. ವಾರಗಿತ್ತಿ, ತಾನು, ಇಬ್ಬರೇ ಬಾಗಿಲು ಹಾಕಿಕೊಂಡು ಹಚ್ಚಿಕೊಂಡರೆ? ಯಾರಿಗೆ ಗೊತ್ತಾಗುತ್ತದೆ? ಗಾಜಿನ ಕೆಳಗಿನ ಕಾಗದ ಸುಳ್ಳೇನೂ ಅಲ್ಲವಲ್ಲ. ಬಸ್ಸಿನ ಕಂಬಿ ಹಿಡಿದು ನಿಂತಾಗ ನೆನಪಾಯಿತು. ದಿನಾ ಸಂಜೆ ತನ್ನನ್ನು ಎಬ್ಬಿಸುವ ಎರಡು ಕೈ. ಎರಡು ವಾರದಿಂದ ಅವನು ಇಸ್ತ್ರಿಮೇಜಿನ ಅಂಚಿಗೆ ಸೊಂಟ ಉಜ್ಜುತ್ತಿದ್ದದ್ದು. ಅವನ ಮನೆಯಲ್ಲಿ ಎಂಟು ತಿಂಗಳ ಕೂಸು.

ಅಂಗಡಿಗೆ ಹೋಗಿ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಗಲ್ಲೆಯ ಮುಂದೆ, ಗಿರಾಕಿ ನಿಲ್ಲುವ ಕಡೆ ನಿಂತಳು.

"ಗಾಜು ಎತ್ತಿ ಆ ಕಾಗದ ಕೊಟ್ಟುಬಿಡಪ್ಪ," ಅಂದಳು ಮಾಲೀಕನಿಗೆ.

"ಯಾಕಕ್ಕ?"

ಹೇಳಿದಳು. ಎರಡು ರೋಗ, ಒಂದು ಅಂಟಲ್ಲ, ಒಂದು ಅಂಟುತ್ತೆ. ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಹರಿದ ಬಟ್ಟೆ ತಂದ ಗಿರಾಕಿ ಎಲ್ಲಿ ಹರಿದಿದೆ ಅಂತ ತೋರಿಸುವ ಹಾಗೆ ಹೇಳಿದಳು.

ಮಾಲೀಕನ ಕೈ ತನಗೆ ಗೊತ್ತಿಲ್ಲದೆಯೇ ಗಲ್ಲೆಯಿಂದ ಹಿಂದಕ್ಕೆ ಹೋಯಿತು. ಇಸ್ತ್ರಿಯವನು ಮಾತ್ರ ಪೆಟ್ಟಿಗೆ ಕೆಳಗಿಟ್ಟು, "ಅಯ್ಯೋ ಅಕ್ಕ," ಅಂದ. "ಸೋಪು ಬದಲಿಸಿದ್ದಕ್ಕೇ ಹೀಗಾಯ್ತು ಅಂತ ಎರಡು ವಾರದಿಂದ ಹೆಂಡ್ತಿ ಜೊತೆ ಜಗಳ ಆಡ್ತಾ ಇದ್ದೀನಿ. ಈಗ ಅವಳ ಕಾಲು ಹಿಡೀಬೇಕಾ?"

"ಔಷಧಿ ಹಚ್ಚೋ ನೆಪದಲ್ಲಿ ಹಿಡಿ. ಕೂಸನ್ನ ಮಾತ್ರ ಬೇರೆಯಾಗಿ ಡಾಕ್ಟರಿಗೆ ತೋರಿಸಬೇಕಂತೆ, ದೊಡ್ಡವರ ಹಾಗೆ ಹಚ್ಚಬಾರದಂತೆ. ನನಗೆ ಬೈಯೋದಿದ್ರೆ ಬೈದುಬಿಡು, ಹೊಟ್ಟೇಲಿ ಇಟ್ಕೋಬೇಡ."

"ಬೈಯೋಕೆ ಪುರುಸೊತ್ತೆಲ್ಲಿದೆ, ಕೆರ್ಕೊಳ್ಳೋದೇ ಆಯ್ತು," ಅಂದ ಅವನು. ನಗಲು ನೋಡಿದ, ಬರಲಿಲ್ಲ. ಕೂಸಿನ ಮಾತು ಬಂದಮೇಲೆ ಅವನ ಮುಖ ಇಳಿದಿತ್ತು.

ಮಾಲೀಕ ಕಾಗದ ತೆಗೆದು ಅವಳ ಕಡೆ ಜರುಗಿಸಿದ. "ಮನೆಗೆ ಹೋಗಿರಕ್ಕ. ಹೇಳಿ ಕಳಿಸ್ತೀನಿ," ಅಂದ. ಕುರ್ಚಿ ಎಲ್ಲಿಗೂ ಹೋಗಲ್ಲ ಅಂತ ಈ ಸಲ ಅನ್ನಲಿಲ್ಲ.

ಆ ದಿನ ಸಂಜೆ ಮಾಲೀಕನದೂ ಸೇರಿ ಮೂರು ಮನೆಯಲ್ಲಿ ದೊಡ್ಡವರೆಲ್ಲ ಮೈಗೆ ಔಷಧಿ ಬಳಿದುಕೊಂಡರು. ಮಾರನೆಯ ದಿನ ಲಾಂಡ್ರಿ ಬಾಗಿಲಿಗೆ 'ಯಂತ್ರ ಕೆಟ್ಟಿದೆ' ಅಂತ ಚೀಟಿ ಬಿತ್ತು. ಒಳಗೆ ಅವರವರದೇ ಬಟ್ಟೆ, ಹೊದಿಕೆ, ದಿಂಬಿನ ಚೀಲ ಕುದಿನೀರಲ್ಲಿ ತಿರುಗುತ್ತಿದ್ದವು. ಒಗೆಯಲಾಗದ್ದನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ವಾರದ ಮಟ್ಟಿಗೆ ಮೂಲೆಗೆ ಎಸೆದರು. ಔಷಧಿ ಬಳಿಯುವ ಆ ಸಂಜೆ ಮನೆಯಲ್ಲಿ ವಾರಗಿತ್ತಿ ಅಕ್ಕನ ಬೆನ್ನಿಗೆ ಬಳಿದಳು, ಅಕ್ಕ ಅವಳ ಬೆನ್ನಿಗೆ ಬಳಿದಳು. ಈ ಸಲ ಕೈಗವಸು ಹಾಕಿಕೊಳ್ಳೋಣವೇ ಅಂತ ಕೇಳಿದ್ದಕ್ಕೆ ವಾರಗಿತ್ತಿ, "ಎಲ್ಲಾ ಬಚ್ಚಲಿಗೆ ಮುಗೀತು," ಅಂದಳು. ಇಬ್ಬರೂ ಸುಸ್ತಾಗಿ ಗೋಡೆಗೆ ಒರಗಿ ಕೂತರು. ಔಷಧಿ ಬಳಿದ ಮೇಲೆ ಎಲ್ಲಿ ಒರಗುವುದಕ್ಕೂ ಇಲ್ಲ ಅಂತ ನೆನಪಾಗಿ ಮತ್ತೆ ನೆಟ್ಟಗೆ ಕೂತರು.

ಕಜ್ಜಿ ಎಷ್ಟು ಸದ್ದಿಲ್ಲದೆ ಬಂದಿತ್ತೋ ಅಷ್ಟೇ ಸದ್ದಿಲ್ಲದೆ ಹೋಯಿತು. ಹುಳ ಸತ್ತಮೇಲೂ ನವೆ ಎರಡು ಮೂರು ವಾರ ಹಿಂದುಳಿದಿತ್ತು, ಆಮೇಲೆ ಒಂದು ದಿನ ಬೆಳಗಿನವರೆಗೂ ಒಂದೇ ನಿದ್ದೆ ಬಂತು. ಗುಳ್ಳೆಯ ರೋಗ ಮಾತ್ರ ಉಳಿಯಿತು. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ತಿಂಗಳಿಗೊಂದೋ ಎರಡೋ ಗುಳ್ಳೆ ಏಳುತ್ತಿತ್ತು. ಇನ್ನೂ ವರ್ಷ ಹಿಡಿಯಬಹುದು ಅಂದರು. ಕಜ್ಜಿ ಹೋಯಿತು ಅಂತ ಒಂದು ಕಾಗದ ಬರೆದುಕೊಡಲೇ ಅಂತ ತಾವಾಗಿಯೇ ಕೇಳಿದರು. ಸೂಜಿಯಕ್ಕ ಬೇಡ ಅಂದಳು. ಒಂದು ಕಾಗದ ಹೊತ್ತು ಅವಳಿಗೆ ಸಾಕಾಗಿತ್ತು.

ಆರನೆಯ ವಾರ ಮಾಲೀಕ ಹೇಳಿ ಕಳಿಸಿದ. ಹೋಗಿ ನೋಡಿದರೆ ಕಿಟಕಿಯ ಬಳಿ ಕುರ್ಚಿ ಅಲ್ಲೇ ಇತ್ತು. ಅದರ ಮೇಲೆ, ಅದರ ಸುತ್ತ, ನೆಲದ ತುಂಬ ಕಪ್ಪು ಕೋಟುಗಳ ರಾಶಿ. ಹೊರಗೆ ಬೇರೆಯವರಿಗೆ ಕೊಟ್ಟು ರಫು ಮಾಡಿಸಿದ್ದ ಒಂದು ಕೋಟನ್ನು ಮಾಲೀಕ ಎತ್ತಿ ತೋರಿಸಿದ. ಭುಜದ ಮೇಲೆ ಜೇಡ ಕೂತ ಹಾಗಿತ್ತು.

"ಮುಚ್ಚಿಡೋದೇನಕ್ಕ, ಬೀದೀಲಿ ಸುದ್ದಿ ಹಬ್ಬಿದೆ," ಅಂದ ಅವನು, ಗಾಜನ್ನು ಒರೆಸುತ್ತ. "ಗಿರಾಕಿಗಳು ಕಿಟಕೀಲಿ ನಿನ್ನ ನೋಡಿದ್ರೆ ಮಾತಾಡ್ತಾರೆ. ಒಂಬತ್ತಕ್ಕೆ ಬಾಗಿಲು ತೆಗೀತೀನಿ. ಅಲ್ಲೀತನಕ ಕಿಟಕಿ ನಿನ್ನದು. ಆಮೇಲೆ ಹಿಂದಿನ ಕೋಣೇಲಿ ಬಿಳೀದು, ತಿಳಿಬಣ್ಣದ್ದು ಮಾಡು. ಇದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ."

ಸೂಜಿಯಕ್ಕ ಲೆಕ್ಕ ಹಾಕಿದಳು. ಆರಕ್ಕೆ ಬೆಳಕು ಹರಿಯುತ್ತದೆ. ಒಂಬತ್ತರವರೆಗೆ ಮೂರು ತಾಸು. ಬೆಳಗಿನ ಬೆಳಕು ಓರೆಯಾಗಿಯೇ ಬೀಳುತ್ತದೆ. ಅದಕ್ಕೆ ಐದಕ್ಕೆ ಏಳಬೇಕು.

"ಬೀಗದ ಕೈ ಕೊಡು," ಅಂದಳು.

ಮಾರನೆಯ ಬೆಳಿಗ್ಗೆ ಅವಳು ಕೋಟುಗಳನ್ನು ಇಳಿಸಿ ಕುರ್ಚಿಯಲ್ಲಿ ಕೂತಳು. ಮೊದಲು ಜೇಡದ ಕೋಟು ಎತ್ತಿಕೊಂಡು, ಯಾರೋ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಮಡಿಕೆಯಿಂದ ಎಳೆ ಕಿತ್ತಳು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಎಳೆ ಕೂತಿತು. ಒಂಬತ್ತಾಗುವ ಹೊತ್ತಿಗೆ ಅರ್ಧ ತೂತು ಮುಚ್ಚಿತ್ತು.

ಬಾಗಿಲ ಹೊರಗೆ ಮೊದಲ ಗಿರಾಕಿಯ ನೆರಳು ಬಿತ್ತು. ಇಸ್ತ್ರಿಯವನು ಬಂದು ಎರಡೂ ಕೈ ಚಾಚಿದ. "ಏಳು ರಾಣಿ. ಹಿಂದಿನ ಅರಮನೆಗೆ ಹೋಗೋಣ."

ಸೂಜಿಯಕ್ಕ ಕೈ ಕೊಡಲಿಲ್ಲ. "ಮೊದಲು ಬೆರಳು ಅಗಲಿಸು," ಅಂದಳು.

ಅವನು ಅಗಲಿಸಿದ. ಅವಳು ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಆ ಕೈಗಳನ್ನು ತಿರುಗಿಸಿ ತಿರುಗಿಸಿ, ಒಂದೊಂದು ಸಂದಿಯನ್ನೂ ನೋಡಿದಳು. ಆಮೇಲೆ ಗಾಜನ್ನು ಅವನ ಕೈಗೇ ಕೊಟ್ಟು, ತನ್ನ ಬೆರಳುಗಳನ್ನು ಅವನ ಮುಂದೆ ಅಗಲಿಸಿ ಹಿಡಿದಳು.

"ನೀನೂ ನೋಡು."

"ನನಗೇನು ಗೊತ್ತಾಗುತ್ತಕ್ಕ?"

"ಗೊತ್ತಾಗದಿದ್ರೂ ನೋಡು."

ಅವನು ಬಗ್ಗಿ, ಹುಬ್ಬು ಗಂಟಿಕ್ಕಿ, ಗಡಿಯಾರ ರಿಪೇರಿಯವನ ಹಾಗೆ ನೋಡಿದ. ನೋಡಿ ಗಾಜನ್ನು ಜೇಬಿಗೆ ಹಾಕಿಕೊಂಡು, ಅವಳ ಎರಡೂ ಕೈ ಹಿಡಿದು ಎಬ್ಬಿಸಿದ.